ಮಡಚಿದ ಮೊಣಕಾಲು

ಹಳ್ಳದಾಚೆಯ ಕೊಟ್ಟಿಗೆಯಲ್ಲಿ ಹಸು ಬೆಳಗಿನಿಂದ ನರಳುತ್ತಿತ್ತು. ಅದಕ್ಕೆ ಚೊಚ್ಚಲು. ಮಧ್ಯಾಹ್ನ ಮಣಿಮೇಗಲೈ ತನ್ನ ಅತ್ತೆ ಚಿನ್ನತಾಯಿಯ ಕೈ ಹಿಡಿದು ಹಳ್ಳ ದಾಟಿಸಿದಾಗ ನೀರು ಮೊಣಕಾಲಿಗೂ ಮುಟ್ಟಿರಲಿಲ್ಲ. ತಮಿಳುನಾಡಿನ ಅವರ ಊರು ಮಾರ್ಕಯನ್‌ಕೋಟ್ಟೈಯಲ್ಲಿ ಒಂದು ಹನಿ ಮಳೆಯಿಲ್ಲ. ಆದರೆ ಬೆಟ್ಟದ ಮೇಲೆ ಕಪ್ಪು ಮೋಡ ಕವುಚಿಕೊಂಡಿತ್ತು, ನೀರು ಕೆಂಪಗೆ ತಿರುಗಿತ್ತು. ಮಣಿಮೇಗಲೈ ಅದನ್ನು ನೋಡಿಯೂ ಮುಂದೆ ನಡೆದಳು.

ಹಸು ಅಡ್ಡ ಮಲಗಿತ್ತು. ಕರುವಿನ ಮೂತಿ ಹೊರಗೆ ಬಂದಿತ್ತು, ಜೊತೆಗೆ ಒಂದೇ ಗೊರಸು.

"ಇನ್ನೊಂದು ಮೊಳಕಾಲು ಒಳಗೇ ಮಡಚಿಕೊಂಡದೆ," ಅಂದಳು ಚಿನ್ನತಾಯಿ. "ಬಿಡಿಸದಿದ್ರೆ ತಾಯಿನೂ ಉಳಿಯಾದಿಲ್ಲ."

ಎಷ್ಟೋ ಹಸುಗಳಿಗೆ ಹೆರಿಗೆ ಮಾಡಿಸಿದವಳು ಆಕೆ. ಈಗ ಮಂಡಿ ಬಗ್ಗುತ್ತಿರಲಿಲ್ಲ; ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

ದನದ ಡಾಕ್ಟರನ್ನು ಕರೆತರಲು ಹೋಗಿದ್ದ ಗಂಡ ಶಕ್ತಿವೇಲ್ ಫೋನ್ ಮಾಡಿದ. "ಡಾಕ್ಟರ್ ಈ ದಡದಲ್ಲೇ ನಿಂತವ್ರೆ. ನೀರು ಸೊಂಟಕ್ಕೆ ಬಂದದೆ. ಅಮ್ಮನ್ನ ಕರಕೊಂಡು ಮೇಲೆ ಮೋಟಾರ್ ಮನೆಗೆ ಹತ್ತು!"

"ಹಸು?"

ಡಾಕ್ಟರೇ ಫೋನ್ ಇಸಿದುಕೊಂಡು ತಮಿಳಿನಲ್ಲಿ ಅವಸರವಾಗಿ ಹೇಳಿದ: ಮೊದಲು ಕರುವನ್ನು ಒಳಕ್ಕೆ ತಳ್ಳಬೇಕು, ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಎಳೆಯಬೇಕು, ಗೊರಸು ತಾಗಿದರೆ ಗರ್ಭ ಹರಿಯುತ್ತದೆ. ಅಷ್ಟರಲ್ಲಿ ಫೋನ್ ಕಡಿಯಿತು.

ಮಣಿಮೇಗಲೈ ತೋಳಿಗೆಲ್ಲ ಎಣ್ಣೆ ಸವರಿಕೊಂಡು ಮಂಡಿಯೂರಿದಳು. ಬಲಗೈ ಒಳಗೆ ಹೋಯಿತು. ಬಿಸಿ, ಕತ್ತಲು, ಆಮೇಲೆ ಗಟ್ಟಿಯಾದ ಒಂದು ಗಂಟು. ಅದೇ ಮೊಣಕಾಲು. ಹಸು ತಿಣುಕಿದಾಗ ತೋಳೇ ಮುರಿದಂತಾಗಿ ಚೀರಿದಳು.

"ಅದು ತಿಣುಕುವಾಗ ಬಿಟ್ಟುಬಿಡು ತಾಯಿ. ತಿಣುಕೋದು ನಿಂತಾಗ ತಳ್ಳು," ಅಂದಳು ಅತ್ತೆ.

ಅಷ್ಟರಲ್ಲಿ ಮಣಿಮೇಗಲೈಯ ಮಂಡಿಯ ಕೆಳಗೆ ತಣ್ಣಗಾಯಿತು. ಕೊಟ್ಟಿಗೆಗೆ ಕೆಂಪು ನೀರು ಸದ್ದಿಲ್ಲದೆ ನುಗ್ಗಿ, ಹುಲ್ಲಿನ ಎಸಳುಗಳನ್ನು ತೇಲಿಸುತ್ತಿತ್ತು. ಅವಳು ಕಣ್ಣು ಮುಚ್ಚಿ ಮತ್ತೆ ತಳ್ಳಿದಳು. ಗೊರಸು ಅಂಗೈಗೆ ಸಿಕ್ಕಿತು. ಕಾಲು ನೆಟ್ಟಗಾಯಿತು. ಕರು ಜಾರಿ ಅವಳ ಮಡಿಲಿಗೇ ಬಿತ್ತು, ಸೀನಿತು.

"ಹೆಣ್ಗರು," ಅಂದಳು ಚಿನ್ನತಾಯಿ. ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ನೀರು ಆಗಲೇ ಕಣಕಾಲು ದಾಟಿತ್ತು.

ಬಾಲ ತಿರುವಿ, ಬೆನ್ನಿಗೆ ಬಾರಿಸಿ ಹಸುವನ್ನು ಎಬ್ಬಿಸಿದರು. ಕರುವನ್ನು ಹೆಗಲಿಗೆ ಹಾಕಿಕೊಂಡು ಮಣಿಮೇಗಲೈ ಮುಂದೆ ನಡೆದಳು. ಹಿಂದೆ ಹಸು, ಅದರ ಹಿಂದೆ ಅತ್ತೆ. ಮೋಟಾರ್ ಮನೆಯ ದಿಬ್ಬ ಇನ್ನೂ ಅರ್ಧ ದೂರವಿದ್ದಾಗ ಹಿಂದೆ ಏನೋ ಬಿದ್ದ ಸದ್ದಾಯಿತು. ಚಿನ್ನತಾಯಿ ಕೆಸರಿನಲ್ಲಿ ಕುಸಿದಿದ್ದಳು, ನೀರು ಎದೆಗೆ ಬಂದಿತ್ತು.

"ಮಂಡಿ ಹಿಡಕೊಂಡದೆ. ಏಳಕ್ಕಾಗಲ್ಲ. ಕರು ತಗೊಂಡು ನಡಿ!"

ಮಣಿಮೇಗಲೈ ಒಂದು ಗಳಿಗೆ ನಿಂತಳು. ಹೆಗಲ ಮೇಲೆ ಕರುವಿನ ಎದೆ ಬಡಿದುಕೊಳ್ಳುತ್ತಿತ್ತು. ಅದನ್ನು ಬದುವಿನ ಮೇಲೆ, ತಾಯಿಯ ಬಳಿ ಇಳಿಸಿ ಹಿಂದಕ್ಕೆ ಓಡಿದಳು. ಅತ್ತೆಯ ಕಂಕುಳಿಗೆ ಕೈ ಹಾಕಿ, ಬೈಗುಳಕ್ಕೆ ಕಿವಿಗೊಡದೆ ದಿಬ್ಬದವರೆಗೆ ಎಳೆದೊಯ್ದಳು.

ಮರಳಿ ತಿರುಗಿದಾಗ ಅಲ್ಲಿ ಬದುವೇ ಇರಲಿಲ್ಲ. ಹೊಟ್ಟೆಮಟ್ಟ ನೀರಿನಲ್ಲಿ ಹಸು ನಿಂತು, ಹರಿವಿನ ಕಡೆ ಕತ್ತು ಚಾಚಿ ಕೂಗುತ್ತಿತ್ತು.

ಸಂಜೆಗೆ ನೀರು ಇಳಿಯಿತು. ಶಕ್ತಿವೇಲ್ ಹಗ್ಗ ಹಿಡಿದು ಬಂದ. ಹಳ್ಳದ ಗುಂಟ ಬಹಳ ದೂರ ಕರುವನ್ನು ಹುಡುಕಿ ಬರಿಗೈಲಿ ಮರಳಿದ.

"ನನ್ನ ಬಿಟ್ಟು ಹೋಗಬೇಕಿತ್ತು," ಅಂದಳು ಚಿನ್ನತಾಯಿ.

"ಅದನ್ನ ಇನ್ನೊಂದು ಸಲ ಅನ್ನಬೇಡಿ ಅತ್ತೆ."

ಹಗ್ಗಕ್ಕೂ ಬಗ್ಗದ ಹಸುವನ್ನು ಕರೆತರಲು ಮಣಿಮೇಗಲೈ ತಾನೇ ಕೆಳಗಿಳಿದಳು. ಅದು ಅವಳನ್ನು ಮೂಸಿತು. ಆಮೇಲೆ ಅವಳ ಬಲಗೈಯನ್ನು ಬೆರಳಿನಿಂದ ಹೆಗಲವರೆಗೆ ನೆಕ್ಕತೊಡಗಿತು. ಅವಳು ಕೈ ಹಿಂದೆಗೆಯಲಿಲ್ಲ.