ಡಾಂಬರು ಆರುವ ತನಕ

ಮತ್ತೆ ಆ ಇರುವೆ, ಹಸಿ ಡಾಂಬರಿನ ಅಂಚಿನ ತನಕ ಬಂದು ಮೀಸೆ ಆಡಿಸಿ ಹಿಂದಕ್ಕೆ ಹೊರಳುತ್ತದೆ, ಇರುವೆಗೂ ತಿಳಿಯುತ್ತದೆ ಇದರ ಮೇಲೆ ಹೋಗಬಾರದೆಂದು, ಮೈದುನ ಹೊಳೆಪ್ಪನಿಗೆ ತಿಳಿಯುವುದಿಲ್ಲ — ಶಾಂಭವಿ ಪ್ಲಾಸ್ಟಿಕ್ ಕುರ್ಚಿಯನ್ನು ಎರಡು ತೇಪೆಗಳ ನಡುವೆ, ಹಾದಿಯ ನಟ್ಟನಡುವೆ ಎಳೆದುಕೊಂಡು ಕೂತಳು, ಬೆನ್ನಿಗೆ ತನ್ನ ಮನೆ, ಅದರ ಬಾಜೂಕ್ಕೆ ಹೊಳೆಪ್ಪನ ಮನೆ, ಎದುರಿಗೆ ಎಂಬತ್ತು ಹೆಜ್ಜೆ ದೂರದಲ್ಲಿ ಸಂಶಿ ರಸ್ತೆ, ಬಸ್ಸಿನಲ್ಲಿ ಹೋಗುವವರು ನೋಡಿದರೆ ನೋಡಲಿ, ಹೈಸ್ಕೂಲಿನ ಗಣಿತದ ಟೀಚರು ರವಿವಾರ ಇಳಿಹೊತ್ತಿನ ಬಿಸಿಲಲ್ಲಿ ತಲೆ ಮೇಲೆ ಸೆರಗು ಹೊದ್ದು ತನ್ನ ಮನೆಯ ಹಾದಿಗೆ ತಾನೇ ಅಡ್ಡ ಕೂತಿದ್ದಾಳೆಂದು ನಾಳೆ ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳಲಿ. ನಾಳೆ ಮುಂಜಾನಿತನಕ ಒಂದು ಗಾಲೀನೂ ಹಾಯಬಾರದ್ರಿ ಅಕ್ಕಾರ, ಹಾದ್ರ ಮಾಡಿದ್ದೆಲ್ಲ ಗಾಲಿಗೆ ಹತಗೊಂಡು ಹೋಗತೈತಿ, ಎಂದು ಮಲಕಪ್ಪ ಎರಡೆರಡು ಸಲ ಹೇಳಿ ಹೋಗಿದ್ದಾನೆ, ಮೂವತ್ತು ವರ್ಷ ರಸ್ತೆ ಗ್ಯಾಂಗಿನಲ್ಲಿ ಡಾಂಬರು ಕಾಸಿದ ಮನುಷ್ಯ, ಅವನಿಗೆ ಗೊತ್ತಿಲ್ಲದ್ದು ಯಾರಿಗೆ ಗೊತ್ತು, ಆದರೆ ಆ ಮಾತನ್ನು ತನಗೆ ಯಾಕೆ ಹೇಳಬೇಕು, ತನ್ನ ಹತ್ತಿರ ಇರುವುದೊಂದು ಸ್ಕೂಟಿ, ಅದನ್ನು ನಿನ್ನೆ ಸಂಜೆಯೇ ರಸ್ತೆಯಾಚೆ ಬಸಣ್ಣನ ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸಿ ಬಂದಿದ್ದಾಳೆ, ಹೇಳಬೇಕಾದದ್ದು ಬೆನ್ನ ಹಿಂದೆ ಟ್ರೇಲರಿಗೆ ಮೆಣಸಿನಕಾಯಿ ಹೇರುತ್ತಿರುವವನಿಗೆ — ಧಪ್, ಇನ್ನೊಂದು ಚೀಲ ಬಿತ್ತು, ಘಾಟು ಗಾಳಿಯಲ್ಲಿ ಇಲ್ಲಿಯ ತನಕ ಬಂದು ಮೂಗು ಸುಡುತ್ತದೆ, ಎಷ್ಟು ಚೀಲ ಹೇರುತ್ತಾನೋ, ಅಷ್ಟೂ ಭಾರ ಈ ಹಸಿ ತೇಪೆಗಳ ಮೇಲೆ ಹಾಯಬೇಕು. ಮುಂಜಾನೆ ಹೋಗಿ ಕೇಳಿದ್ದಳಲ್ಲ, ಇವತ್ತೊಂದು ದಿವಸ ತಡೆಯೋ ಹೊಳೆಪ್ಪ ಎಂದು, ಅವನು ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತ ಕೂತಿದ್ದ, ತಲೆ ಎತ್ತಲಿಲ್ಲ, ನಾಳೆ ಬ್ಯಾಡಗಿ ಬಜಾರ ಐತಿ ವೈನಿ, ಇವತ್ತ ಸಂಜಿಗೆ ಹೋಗಬೇಕು ಎಂದು ದಬ್ಬಣಕ್ಕೆ ಹೇಳಿದ, ಹೋದ ಸೋಮವಾರವೇ ಹೇಳಿದ್ದೆನಲ್ಲ ಎಂದರೆ, ಹೇಳಿದ್ರಿ, ನಾ ಹೂಂ ಅಂದಿಲ್ಲಲ್ಲ. ಇಂಥ ಉತ್ತರ ಕೊಡುವ ಹುಡುಗರನ್ನು ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಳು ಮೊದಲೆಲ್ಲ, ಈಗ ಅದೂ ಇಲ್ಲ, ನಲವತ್ತೆಂಟು ವರ್ಷದ ಮೈದುನನನ್ನು ಯಾವ ಬೆಂಚಿನ ಮೇಲೆ ನಿಲ್ಲಿಸುವುದು, ಹಾಗಾಗಿ ತಾನೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ಹಾಯುವುದಾದರೆ ತನ್ನ ಮೇಲೆ ಹಾಯಿಸಲಿ.

ಇಷ್ಟಕ್ಕೂ ಈ ಹಾದಿ ಯಾರದು, ಅದೇ ಯಾರಿಗೂ ಗೊತ್ತಿಲ್ಲದ ಸಂಗತಿ, ಪಾಲಾಗುವಾಗ ಹೊಲ ಎರಡಾಯಿತು, ಮನೆ ಎರಡಿದ್ದವು, ದನದ ಕೊಟ್ಟಿಗೆ ಅವನಿಗೆ, ಬಾವಿ ಇಬ್ಬರಿಗೂ, ಹಾದಿ ಇಬ್ಬರದೂ ಎಂದು ಒಂದು ಸಾಲು ಬರೆದು ಬಿಟ್ಟರು, ಇಬ್ಬರದೂ ಎಂದರೆ ಯಾರದೂ ಅಲ್ಲ, ನಾಲ್ಕು ವರ್ಷದಿಂದ ಬಿರುಕಿನಲ್ಲಿ ಹುಲ್ಲು ಬೆಳೆದರೂ ಕೀಳುವವರಿಲ್ಲ. ಹದಿನೆಂಟು ವರ್ಷದ ಹಿಂದೆ ಗಂಡ ಸುಭಾಸ ಇದಕ್ಕೆ ಡಾಂಬರು ಹಾಕಿಸುತ್ತೇನೆಂದಾಗ ಊರು ನಕ್ಕಿತ್ತು, ಎಲ್ಲಾದರೂ ಮನೆಯ ಹಾದಿಗೆ ಡಾಂಬರು ಹಾಕಿಸುತ್ತಾರೇನು, ಅವನು ನಗಲಿಲ್ಲ, ಅವನು ಇದ್ದದ್ದೇ ಹಾಗೆ, ನಗಬೇಕಾದಲ್ಲಿ ನಗುತ್ತಿರಲಿಲ್ಲ, ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಒಂದೊಂದು ಕಿಲೋ ಹತ್ತಿ ನೀನು ಸಾಲಿಗೆ ಹೋಗೂದು ನಾ ನೋಡಲಾರೆ ಅಂದಿದ್ದ, ಊರ ರಸ್ತೆಗೆ ಬಂದ ರೋಲರನ್ನು ಮಾತಾಡಿಸಿ ಒಂದು ದಿವಸ ಒಳಗೆ ತಿರುಗಿಸಿದ, ಜಲ್ಲಿಕಲ್ಲಿನ ಖಡಿ ಹೊತ್ತು ತಂದದ್ದು ಹೊಳೆಪ್ಪ, ಆಗ ಟ್ರ್ಯಾಕ್ಟರ್ ಇರಲಿಲ್ಲ, ಚಕ್ಕಡಿ, ಮೂರು ದಿವಸ ಎತ್ತಿನ ಜೊತೆ ತಾನೂ ಎತ್ತಾಗಿ ಹೇರಿದ, ಅಣ್ಣ ಹೇಳಿದ ಎಂದರೆ ಮುಗಿಯಿತು, ಆಗಿನ ಹೊಳೆಪ್ಪ. ಈಗಿನವನು ಮಾತು ಮಾತಿಗೆ ನಿಮ್ಮ ಪಾಲು, ನನ್ನ ಪಾಲು. ಅವಳೇನು ತಪ್ಪು ಮಾಡಿದಳು, ಸುಭಾಸ ತೀರಿಕೊಂಡ ಮೇಲೆ ಪಾಲಾಗುವಾಗ ಸರ್ವೇ ಮಾಡಿಸಿ ಗಡಿಕಲ್ಲು ನೆಡಿಸೋಣ ಎಂದಳು, ಅಷ್ಟೇ, ಲೆಕ್ಕ ಕಲಿಸುವವಳು, ಅಳತೆ ಸರಿ ಇರಲಿ ಎನ್ನುವುದು ತಪ್ಪೇ, ಸರಪಳಿ ಹಿಡಿದು ಅಳೆಯುವವರು ಬಂದ ದಿನ ಅವನು ಬೇವಿನ ಗಿಡದ ಕೆಳಗೆ ನಿಂತಿದ್ದ, ನಾ ನಿಮ್ಮ ಪಾಲು ತಿಂತಿದ್ದೆನೇನು ವೈನಿ, ಎಂದು ಒಂದೇ ಮಾತು ಕೇಳಿದ, ಹಾಗಲ್ಲವೋ ಎಂದು ಹೇಳಬೇಕಿತ್ತು, ಹೇಳಲಿಲ್ಲ, ಯಾಕೆ ಹೇಳಬೇಕು, ಅಷ್ಟೂ ತಿಳಿಯದವನಿಗೆ — ಧಪ್, ಇನ್ನೊಂದು ಚೀಲ. ಹೋದ ಶ್ರಾವಣದಲ್ಲಿ ಈ ಹಾದಿಯ ಕುಣಿಯೊಂದರಲ್ಲಿ ಸ್ಕೂಟಿ ಹಾರಿ ಬಿದ್ದು ಮುಂಗೈ ಮುರಿದಾಗಲೂ ಹುಬ್ಬಳ್ಳಿಗೆ ಕರೆದುಕೊಂಡು ಹೋದವನು ಅವನೇ, ದವಾಖಾನೆಯ ಬಾಗಿಲಲ್ಲಿ ಇಳಿಸಿ, ಸಾವಕಾಶ ಬರಬಾರದೇನು ಅಂದ, ಕುಣಿ ಇರುವುದು ಕಾಣುವುದಿಲ್ಲ, ತಾನು ಜೋರು ಬಂದದ್ದು ಕಾಣುತ್ತದೆ.

ಎಲ್ಲರೂ ಶಾಣ್ಯಾರು. ಹೆಡ್‌ಮಾಸ್ತರು ಕಾಂಕ್ರೀಟು ಹಾಕಿಸ್ರಿ ಎನ್ನುತ್ತಾರೆ, ಬಸಣ್ಣ ಕಿತ್ತೊಗೆದು ಮುರಮು ಮಣ್ಣು ಹಾಸ್ರಿ ಎನ್ನುತ್ತಾನೆ, ಹಳೆಯದನ್ನು ಉಳಿಸಿಕೊಳ್ಳುತ್ತೇನೆಂದರೆ ಯಾರಿಗೂ ಕಿವಿಯಿಲ್ಲ, ಮಲಕಪ್ಪ ಒಬ್ಬನೇ ಹಾದಿಯನ್ನು ತುದಿಯಿಂದ ತುದಿಗೆ ನಡೆದು, ಕೂತು, ಬಿರುಕಿನೊಳಗೆ ಕಬ್ಬಿಣದ ಸಲಾಕೆ ಇಳಿಸಿ, ಇನ್ನೂ ಜೀವ ಐತ್ರಿ ಅಂದ, ಮಳಿ ನೀರು ಒಳಗ ಹೋಗಲಾರದಂಗ ಮಾಡಿದ್ರ ಐದಾರು ವರ್ಷಕ್ಕೇನೂ ಮೋಸಿಲ್ಲ, ನೀರು ಹೋದ್ರ ಎರಿ ಉಬ್ಬತೈತಿ, ಬ್ಯಾಸಗಿಗೆ ಒಣಗಿ ಬಾಯಿ ಬಿಡತೈತಿ, ಮ್ಯಾಲಿನ ಡಾಂಬರ ಪಾಪ ಏನ್ಮಾಡಬೇಕು. ಇವತ್ತು ಮುಂಜಾನೆ ಆರಕ್ಕೇ ಬಂದ, ಇಬ್ಬರೂ ಕೂತು ಬಿರುಕಿನ ಹುಲ್ಲು ಬೇರುಸಹಿತ ಕಿತ್ತರು, ಗರಿಕೆಯ ಬೇರು ಗೇಣುದ್ದ ಬಂತು, ಬೆರಳ ಸಂದಿ ಒಡೆಯಿತು, ಸಲಾಕೆಯಿಂದ ಮಣ್ಣು ಕೆದರಿ, ಕಸಬರಿಗೆಯಿಂದ ಗುಡಿಸಿ, ಕುಣಿಗಳ ಅಂಚನ್ನು ಉಳಿಯಿಂದ ಚೌಕಾಗಿ ಕತ್ತರಿಸಿ ಖಡಿ ತುಂಬಿ ದಮ್ಮಸ್ಸು ಹೊಡೆದ, ಆಮೇಲೆ ಕಾಸಿದ ಡಾಂಬರನ್ನು ಕೊಳವೆಬಾಯಿಯ ಡಬ್ಬಿಯಿಂದ ಬಿರುಕಿನುದ್ದಕ್ಕೂ ಸುರಿಯುತ್ತ ಹೋದ, ಅವಳು ಹಿಂದಿನಿಂದ ಉಸುಕು ಚೆಲ್ಲುತ್ತ ಹೋದಳು, ಹಾದಿಯ ನಡುವಿನ ಉದ್ದ ಬಿರುಕಿಗೆ ಬಂದಾಗ ಮಲಕಪ್ಪ ನಿಂತು, ಇದು ಎರಡೂ ಕಡೆ ತುಂಬೂದೋ ನಿಮ್ಮ ಕಡೆ ಅಷ್ಟೋ ಎಂದು ಕೇಳಿದ, ಬಿರುಕಿಗೆ ದಂಡೆ ಎರಡಿರುತ್ತವೆ, ಒಂದೇ ದಂಡೆಗೆ ಹೆಂಗ ಸುರೀತಿ ತೋರಿಸು ನೋಡೂಣು ಎಂದು ರೇಗಿದಳು, ಅವನಿಗೆ ನಗು ಬಂತು, ಅವಳಿಗೆ ಬರಲಿಲ್ಲ. ಈಗ ಬೆನ್ನು ನೋಯುತ್ತದೆ, ಮುರಿದಿದ್ದ ಮುಂಗೈ ಜಗ್ಗುತ್ತದೆ, ಇಷ್ಟೆಲ್ಲ ಮಾಡಿದ್ದನ್ನು ಒಂದು ಟ್ರ್ಯಾಕ್ಟರು ಒಂದೇ ಸಲಕ್ಕೆ — ಅಕ್ಕಾ, ಏಳ್ರಿ, ಅವರು ಹೊಂಟಾರ, ರೇವವ್ವನ ದನಿ, ಹೊಳೆಪ್ಪನ ಹೆಂಡತಿ ಕಟ್ಟೆಯ ಮೇಲೆ ನಿಂತಿದ್ದಾಳೆ, ನಾ ಏಳೂದಿಲ್ಲ ರೇವವ್ವ, ನಿನ್ನ ಗಂಡಗ ಹೇಳು ಎಂದರೆ, ನಾನೇನ ಹೇಳಲ್ರಿ, ನನ್ನ ಮಾತು ಯಾರು ಕೇಳ್ತಾರ ಈ ಮನ್ಯಾಗ. ಟ್ರ್ಯಾಕ್ಟರು ಚಾಲೂ ಆಯಿತು. ಡಬಡಬ ಎಂದು ಕೆಮ್ಮಿ ಒಂದೇ ಸಮ ಗುಡುಗತೊಡಗಿತು, ಕುರ್ಚಿಯ ಕಾಲಿನಿಂದ ಮೈಗೆ ಏರುತ್ತದೆ ಆ ನಡುಕ, ತಿರುಗಿ ನೋಡಬಾರದು, ನೋಡಿದರೆ ಸೋತ ಹಾಗೆ, ಬಸ್ಸೊಂದು ಹೋಯಿತು, ಕಿಟಕಿಯಲ್ಲಿ ಯಾರೋ ಬಗ್ಗಿ ನೋಡಿದರು, ನೋಡಲಿ, ಸಪ್ಪಳ ಬರುತ್ತಿದೆ, ಈಗ ಹಾರ್ನು ಹೊಡೆಯುತ್ತಾನೆ, ಈಗ ಬೈಯುತ್ತಾನೆ, ಬೈಯಲಿ, ನಾಲ್ಕು ವರ್ಷದ್ದು ಇವತ್ತೇ ಆಗಿಹೋಗಲಿ, ಏನೇನು ಹೇಳಬೇಕೆಂದು ಬಾಯಲ್ಲಿ ಎಲ್ಲ ಸಾಲಾಗಿ ನಿಂತಿದೆ — ಸಪ್ಪಳ ಬರುತ್ತಿಲ್ಲ. ಹೋಗುತ್ತಿದೆ. ಮನೆಯ ಹಿಂದಕ್ಕೆ, ಕೊಟ್ಟಿಗೆಯ ತಗಡಿಗೆ ಬಡಿದು ಯಾವ ಕಡೆ ಎಂದು ತಿಳಿಯದಂತೆ, ದೂರ, ಇನ್ನೂ ದೂರ.

ಹೊಲದಲ್ಲಿ. ಹೊಲದಲ್ಲಿ ಹೊಡೆದುಕೊಂಡು ಹೋದ, ಯಾರ ಹೊಲ, ಮನೆಯ ಹಿಂದಿನಿಂದ, ರಸ್ತೆಗೆ ಕೂಡುವ ಬಂಡಿದಾರಿಗೆ ಹತ್ತಿರ ಆಗುವುದು ತನ್ನ ಹೊಲವೇ, ಅವನದರಲ್ಲಿ ಹೋದರೆ ಸುತ್ತು, ತುಂಬಿದ ಟ್ರೇಲರು ಜಗ್ಗಿಕೊಂಡು ಯಾವ ಮನುಷ್ಯ ಸುತ್ತು ಹಾಕುತ್ತಾನೆ, ಅಡ್ಡ ಕೂತದ್ದಕ್ಕೆ ಸೇಡು, ಬಲಿತ ಕಡಲೆ, ಮುಂದಿನ ವಾರ ಕೀಳಬೇಕಾದದ್ದು, ಅದರ ಮೇಲೆ ಹಾಯಿಸಿದ — ಅವಳು ಎದ್ದ ಕೂಡಲೇ ಕುರ್ಚಿ ಹಿಂದಕ್ಕೆ ಬಿತ್ತು, ಎತ್ತಲಿಲ್ಲ, ತೇಪೆಗಳನ್ನು ದಾಟಿ, ರೇವವ್ವನನ್ನು ದಾಟಿ, ಕೊಟ್ಟಿಗೆಯ ಬದಿಯಿಂದ, ನಾಳೆ ಹಿರಿಯರನ್ನು ಕೂರಿಸುತ್ತೇನೆ, ಗಡಿಕಲ್ಲು ನೆಡಿಸಿದ್ದು ಯಾಕೆಂದು ಈಗ ತಿಳಿಯಲಿ ಎಲ್ಲರಿಗೂ, ಹೆಂಟೆಗಳ ಮೇಲೆ ಚಪ್ಪಲಿ ಹೊರಳುತ್ತದೆ, ಬದುವಿನ ಮೇಲೆ ಹತ್ತಿ ನಿಂತಳು. ಎಡಕ್ಕೆ ತನ್ನ ಕಡಲೆ, ಒಂದು ಗಿಡ ಬಾಗಿಲ್ಲ. ಬಲಕ್ಕೆ ಅವನದು. ಅವನ ಹೊಲದೊಳಗೆ ಎರಡು ಗೆರೆ, ಟ್ರ್ಯಾಕ್ಟರಿನವು, ಅವುಗಳ ಮೇಲೇ ಟ್ರೇಲರಿನವು, ದೂರದ ಬಂಡಿದಾರಿಯ ತನಕ ಸುತ್ತು ಹಾಕಿ ಹೋಗಿವೆ, ಮಲಗಿದ ಗಿಡ, ಒಡೆದ ಕಾಯಿ, ಅರೆದ ಸೊಪ್ಪಿನ ಹುಳಿ ವಾಸನೆ.

ರೇವವ್ವ ಹಿಂದೆಯೇ ಬಂದು ನಿಂತಿದ್ದಳು. ನನಗೂ ಏನೂ ಹೇಳಲಿಲ್ರಿ ಅಕ್ಕಾ, ಅಂದಳು. ಹೇಳುವುದಿಲ್ಲ ಅವನು, ಹೇಳಿದ್ದರೆ ಏನಾಗುತ್ತಿತ್ತು, ವೈನಿ ನಾ ಹಿಂದಿನಿಂದ ಹೋಗ್ತೀನಿ ಎಂಬ ಒಂದು ಮಾತು, ಇಷ್ಟು ಹೊತ್ತು ಬಿಸಿಲಲ್ಲಿ ಕೂತು ಬೇಯುವುದು ತಪ್ಪುತ್ತಿತ್ತು, ಒಂದು ದಿವಸ ತಡೆದು ಹೋಗಿದ್ದರೆ ಕಡಲೆಯೂ ಉಳಿಯುತ್ತಿತ್ತು, ಇದ್ಯಾವ ಲೆಕ್ಕ, ಬರುವ ಗುರುವಾರವೂ ಬಜಾರ ಇದೆಯಲ್ಲ, ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ, ಬೈಯಲಿಕ್ಕೂ ಬಿಡುವುದಿಲ್ಲ, ಬಾಯಲ್ಲಿ ಸಾಲಾಗಿ ನಿಂತ ಮಾತುಗಳನ್ನು ಈಗ ಯಾರಿಗೆ ಹೇಳುವುದು, ನಾಳೆ ಬಂದ ಮೇಲೆ ಏನು ಹೇಳುವುದು, ಕಡಲೆ ಕೀಳಲಿಕ್ಕೆ ಬರುತ್ತೇನೆ ಎನ್ನುವುದೋ, ಹೀಗೇಕೆ ಮಾಡಿದೆ ಎನ್ನುವುದೋ, ಅವನು ದಬ್ಬಣಕ್ಕೋ ಗಾಲಿಗೋ ಉತ್ತರ ಹೇಳುತ್ತಾನೆ — ಬಗ್ಗಿ ಒಂದು ಗಿಡವನ್ನು ಎತ್ತಿ ನಿಲ್ಲಿಸಿದಳು, ನಿಲ್ಲಲಿಲ್ಲ, ಮತ್ತೆ ಎತ್ತಿದಳು, ಬುಡವೇ ಮುರಿದಿತ್ತು. ಸ್ಟಾಫ್ ರೂಮು, ಹಿರಿಯರು, ನಾಳೆ, ಏನೋ ಯೋಚಿಸುತ್ತಿದ್ದಳು, ಏನು, ಮುಂದೆ ಎರಡು ಗೆರೆ, ಅವನದೇ ಕಡಲೆಯಲ್ಲಿ, ಬದುವಿಗೆ ಒಂದು ಮೊಳ ದೂರ ಬಿಟ್ಟು, ಎಲ್ಲಿಯೂ ಅವಳ ಕಡೆ ವಾಲದೆ, ಎರಡು ಗೆರೆ.