ಸಿಪ್ರಿಯನ್ ಮಾವನ ಅಡ್ಡಹೆಸರು

ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟದಲ್ಲಿ ಯು ಇಲ್ಲದೆ ಬರೀ ಕ್ಯೂ ಕೈಗೆ ಬಂದರೆ ವಿಕ್ಟೋರಿಯಾ ಊರಿನವರ ಮುಖ ಬಾಡುತ್ತದೆ. ಪಕ್ಕದೂರು ಗ್ವಾವ್‌ನವರಾದ ನಾವು ಕುಳಿತಲ್ಲೇ ಕುಣಿಯುತ್ತೇವೆ. ಕ್ಯೂ ಬಂದಲ್ಲೆಲ್ಲ ಅದರ ಬಾಲ ಹಿಡಿದು ಯು ಬರಲೇಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟದ್ದು ಶುದ್ಧ ಸುಳ್ಳು. ಬಾಲವಿಲ್ಲದ ಕ್ಯೂಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಅವನ್ನೆಲ್ಲ ಟಾಂಟಿ ಝೆಲ್ಮಾ, ಅಂದರೆ ನನ್ನನ್ನು ಸಾಕಿದ ದೊಡ್ಡಮ್ಮ, ಊಟದ ಜೊತೆಗೇ ನನಗೆ ತಿನ್ನಿಸಿದ್ದಾಳೆ.

ಆದರೆ ಪದ ಬಾಯಿಪಾಠ ಮಾಡಿ ಮಣೆಯ ಮೇಲೆ ಜೋಡಿಸಿಬಿಟ್ಟರೆ ನಮ್ಮಲ್ಲಿ ಸಾಲದು. ಬೇರೆ ಕಡೆ ಆಡುವವರು ನಿಘಂಟು ನೋಡಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಎದುರಾಳಿ ಕೇಳಿದರೆ ಅರ್ಥ ಹೇಳಬೇಕು, ಆಮೇಲೆ ಅಂಥದ್ದೊಂದನ್ನು ನಮ್ಮೂರಲ್ಲೇ ತೋರಿಸಬೇಕು. ತೋರಿಸಲಾಗದಿದ್ದರೆ ಅಕ್ಷರಗಳನ್ನು ಎತ್ತಿಕೊಂಡು ಬಾಯಿ ಮುಚ್ಚಿಕೊಂಡು ಕೂರಬೇಕು. ಈ ನಿಯಮ ಮಾಡಿದವನು ಟಾಂಟಿಯ ಗಂಡ ಆಲ್ಡ್ವಿನ್. ದೋಣಿ ಕಟ್ಟುತ್ತಿದ್ದ ಮನುಷ್ಯ. ದೋಣಿಗೆಂದು ತಂದ ಬಿಳಿ ದೇವದಾರಿನಲ್ಲಿ ಆಟದ ಮಣೆಯನ್ನೂ ಅವನೇ ಕೊಯ್ದಿದ್ದ.

ಮೀನುಗಾರರ ಹಬ್ಬದ ದಿನ ಪಾದ್ರಿಗಳು ದೋಣಿಗಳಿಗೆ ಆಶೀರ್ವಾದ ಮಾಡಿದ ಮೇಲೆ ಎರಡೂ ಊರಿನವರು ಆ ಮಣೆಯ ಮುಂದೆ ಕೂರುತ್ತೇವೆ. ಗೆದ್ದ ಊರಿಗೆ ಒಂದು ವರ್ಷ ಮಣೆ. ಹೋದ ವರ್ಷ ಟಾಂಟಿಯೇ ಸೋತಳು, ಕಣ್ಣಿಗೆ ಪೊರೆ ಬಂದು ಅಕ್ಷರಗಳು ಕಲಸಿಹೋದವು. ವಿಕ್ಟೋರಿಯಾದವರು ಮಣೆಯನ್ನು ತಲೆಯ ಮೇಲೆ ಹೊತ್ತು, ಡೋಲು ಬಡಿಯುತ್ತ ಒಯ್ದರು. ಅಂದಿನಿಂದ ನಮ್ಮ ಗೋಡೆಯ ಮೊಳೆ ಖಾಲಿ. ಅಲ್ಲಿ ಕ್ಯಾಲೆಂಡರ್ ತೂಗುಹಾಕಲು ಹೋಗಿ ನಾನು ಬೈಸಿಕೊಂಡಿದ್ದೇನೆ. ಗಂಡ ಸತ್ತಾಗ ಅಳದಿದ್ದವಳು ಆ ಮೊಳೆ ನೋಡಿ ಅಳುತ್ತಿದ್ದಳು. ಈ ಸಲ ಆಟಕ್ಕೆ ನಾನು ಕೂತೆ.

ನಮ್ಮೂರಲ್ಲಿ ಅಡ್ಡಹೆಸರಿಲ್ಲದವನು ಮನುಷ್ಯನೇ ಅಲ್ಲ. ಹಾಗಾಗಿ ಟಾಂಟಿ ನನಗೆ ಆ ಬಾಲವಿಲ್ಲದ ಕ್ಯೂ ಪದಗಳನ್ನು ಕಲಿಸಿದ್ದು ಜನಕ್ಕೆ ಅಂಟಿಸಿ. ಎಲ್ಲರ ಬಾಗಿಲಲ್ಲೂ ತಟ್ಟೆ ಹಿಡಿದು ನಿಲ್ಲುವ ನಮ್ಮ ಬೆಕ್ಕು ಫಕೀರ್. ಮೀನುಪೇಟೆಯಲ್ಲಿ ದರ್ಬಾರು ನಡೆಸುವ ಹೆಂಗಸು ಕಯೀದ್, ಅಂದರೆ ನಾಯಕಿ. ಟಾಂಟಿಯ ತಮ್ಮ ಸಿಪ್ರಿಯನ್ ಮಾವ ಕನಾಟ್. ಯಾಕೆ ಎಂದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ.

ಆಟದ ದಿನ ರಮ್ಮಿನಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಒಲೆಯ ಮೇಲೆ ತೆಂಗಿನಹಾಲಲ್ಲಿ ಜೀಗುಜ್ಜೆ ಬೇಯುತ್ತಿತ್ತು, ತಿನ್ನುವವರೇ ಇಲ್ಲ. ಎದುರಿಗೆ ವಿಕ್ಟೋರಿಯಾದ ಕಾಸ್ಮಸ್, ನಿವೃತ್ತ ಪೊಲೀಸ್, ತೊಡೆಯ ಮೇಲೆ ದಪ್ಪ ನಿಘಂಟು. ನಾನು ಇಟ್ಟ ಒಂದೊಂದು ಪದವನ್ನೂ ಕಳ್ಳಮಾಲು ಹಿಡಿದವನಂತೆ ವಿಚಾರಿಸುತ್ತಿದ್ದ.

"ಸೂಕ್ ಅಂದ್ರೆ?"

"ಸಂತೆ. ನಮ್ಮ ಮೀನುಪೇಟೆ ಕಾಣಲ್ವಾ? ವಾಸನೆನೂ ಬರಲ್ವಾ?"

ಜನ ಹೋ ಎಂದರು. ಅವನು ಮುಂದಿದ್ದ, ನಾನು ಹಿಂದೆ. ಚೀಲದಲ್ಲಿ ಅಕ್ಷರಗಳೆಲ್ಲ ಮುಗಿದವು. ನನ್ನ ಕೈಯಲ್ಲಿ ಕ್ಯೂ, ಎನ್, ಎರಡು ಎ. ಮಣೆಯ ಅಂಚಿನಲ್ಲಿ ಒಂದು ಟಿ ಒಂಟಿಯಾಗಿ ನಿಂತಿತ್ತು. ಟಪಟಪನೆ ಇಟ್ಟೆ. ಕನಾಟ್! ಲೆಕ್ಕ ಹಾಕಿದವರು ಕಿರುಚಿದರು, ಪದ ನಿಂತರೆ ಆಟ ನಮ್ಮದು.

ಕಾಸ್ಮಸ್ ನಿಘಂಟು ತಿರುವಿದ, ಬೆವರು ಒರೆಸಿಕೊಂಡ. "ಪದ ಇದೆ. ಅರ್ಥ ಹೇಳಮ್ಮಾ."

"ಗುಡ್ಡದಿಂದ ಊರಿಗೆ ನೆಲದ ಒಳಗೇ ನೀರು ಹರಿಸೋ ಕಾಲುವೆ. ಮೇಲಿಂದ ನೋಡಿದ್ರೆ ಏನೂ ಕಾಣಲ್ಲ."

"ಸರಿ. ಈಗ ತೋರಿಸು. ಗ್ವಾವ್‌ನಲ್ಲಿ ಎಲ್ಲಿದೆ ಅಂಥ ಕಾಲುವೆ?"

ಈ ದ್ವೀಪದಲ್ಲಿ ಅಂಥದ್ದು ಇದ್ದದ್ದು ಒಂದೇ, ಅದು ಸಿಪ್ರಿಯನ್ ಮಾವನ ಕೆಸುವಿನ ಹಿತ್ತಲಲ್ಲಿತ್ತು. ಮಾವ ರಮ್ಮಿನ ಬಾಟಲಿಯನ್ನು ಮಣ್ಣಲ್ಲಿ ಹೂತು, ಅದರಿಂದ ಸಣ್ಣ ಕೊಳವೆಯೊಂದನ್ನು ನೆಲದೊಳಗೇ ಎಳೆದು, ಎಲೆಗಳ ನಡುವೆ ತುದಿ ಹೊರಬರುವಂತೆ ಮಾಡಿದ್ದ. ಸಂಜೆ ಬಿಸಿಲಲ್ಲಿ ಕಳೆ ಕೀಳುವ ನೆಪದಲ್ಲಿ ಮೊಣಕಾಲೂರಿ ಹೀರುತ್ತಿದ್ದ. ಅವನ ಹೆಂಡತಿ ಯುಡೋರಾ ರಮ್ಮಿನ ಹೆಸರೆತ್ತಿದರೆ ಶಿಲುಬೆ ಹಾಕಿಕೊಳ್ಳುವವಳು. ಗಂಡ ಕುಡಿತ ಬಿಟ್ಟನೆಂದು ಚರ್ಚಿನಲ್ಲಿ ಎದ್ದು ನಿಂತು ದೇವರಿಗೆ ಕೃತಜ್ಞತೆ ಹೇಳಿದ್ದಳು. ಈಗ ನನ್ನಿಂದ ಕೈಯಳತೆಯಲ್ಲಿ ಕೊಡೆ ಹಿಡಿದು ನಿಂತಿದ್ದಳು.

ಮಾವನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಟಾಂಟಿಯ ಕಡೆ ನೋಡಿದೆ. ಮಣೆ ಎಲ್ಲಿದೆಯೆಂದು ಸರಿಯಾಗಿ ಕಾಣದೆ, ಬರೀ ದನಿಯ ದಿಕ್ಕಿಗೆ ಮುಖ ಮಾಡಿ ಕೂತಿದ್ದಳು. ನನಗೆ ಕಾಸ್ಮಸ್ ಮೇಲೆ, ಆ ನಿಯಮದ ಮೇಲೆ, ಸತ್ತ ದೊಡ್ಡಪ್ಪನ ಮೇಲೂ ಸಿಟ್ಟು ಬಂತು.

"ಇಲ್ಲ ಅಂದ್ರೆ ಎತ್ತಮ್ಮಾ ಅಕ್ಷರಾನ," ಎಂದ ಕಾಸ್ಮಸ್. "ನಮ್ಮ ಡೋಲು ಬಿಸಿಯಾಗಿದೆ."

ಟಾಂಟಿ ಮೆಲ್ಲಗೆ ಹೇಳಿದಳು, "ಎತ್ಬಿಡು ಮಗಾ. ಬೇಡ."

ನಾನು ಕ್ಯೂ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಸಿಪ್ರಿಯನ್ ಮಾವ ಜನರನ್ನು ತಳ್ಳಿಕೊಂಡು ಮುಂದೆ ಬಂದ. ಟೋಪಿ ಕೈಯಲ್ಲಿ, ಮುಖ ಬೆಂದ ಸಿಗಡಿಯಂತೆ ಕೆಂಪು.

"ಎತ್ತಿದ್ರೆ ನೋಡು! ಆ ಮರ ಕೊಯ್ಯೋವಾಗ ಗರಗಸದ ಈ ತುದಿ ಆಲ್ಡ್ವಿನ್ ಕೈಲಿತ್ತು, ಆ ತುದಿ ನನ್ನ ಕೈಲಿತ್ತು. ಹೇಳೇ ಲಿನೆಟ್, ನನ್ನ ಹಿತ್ತಲಿಗೆ ಕರ್ಕೊಂಡು ಹೋಗಿ ತೋರ್ಸು."

ಹೇಳಿಯೇಬಿಟ್ಟೆ. ಬಾಟಲಿ, ಕೊಳವೆ, ಕೆಸುವಿನೆಲೆ, ಎಲ್ಲವನ್ನೂ ಒಂದೇ ಉಸಿರಿಗೆ. ಅಂಗಡಿಯ ಮುಂದೆ ಚಾವಣಿ ಹಾರುವಂಥ ನಗು. ಯುಡೋರಾ ಅತ್ತೆ ಕೊಡೆ ಮಡಚಿದಳು. ಮಾವ ಎರಡು ಹೆಜ್ಜೆ ಹಿಂದೆ ಸರಿದ.

ನಗು ಅಡಗುವ ಮೊದಲೇ ಕಾಸ್ಮಸ್ ಮೇಜು ಗುದ್ದಿದ. "ನಡೆಯಲ್ಲ! ಕಾಲುವೇಲಿ ಹರೀಬೇಕಾದ್ದು ನೀರು. ಇವನದ್ದರಲ್ಲಿ ಹರಿಯೋದು ರಮ್ಮು. ಎತ್ತು ಅಕ್ಷರಾನ!"

ಎಲ್ಲ ಹೋಯಿತು, ಮಾವನ ಮಾನವೂ ಹೋಯಿತು, ಮಣೆಯೂ ಹೋಯಿತು ಎಂದುಕೊಂಡೆ.

"ಏಯ್ ಪೊಲೀಸಪ್ಪ," ಎಂದಳು ಯುಡೋರಾ ಅತ್ತೆ. ಕೊಡೆಯ ತುದಿ ಅವನ ಎದೆಯ ಮುಂದಿತ್ತು. "ಕ್ರಿಸ್ಮಸ್ಸಿಂದ ಆ ಬಾಟಲಿ ತುಂಬ್ಸೋಳು ನಾನು. ದಿನಾ ಅದ್ರಲ್ಲಿರೋದನ್ನ ಸ್ವಲ್ಪ ಸ್ವಲ್ಪ ಚೆಲ್ಲಿ, ನಲ್ಲಿ ನೀರು ಹಾಕ್ತಾ ಬಂದೆ. ಈಗ ಅದ್ರಲ್ಲಿ ಒಂದು ಹನಿ ರಮ್ಮಿದ್ರೆ ನನ್ನ ಹೆಸರು ಬದಲಾಯ್ಸು. ಬೇಕಾದ್ರೆ ಬಾ, ಬಗ್ಗಿ ಕುಡಿದು ನೋಡು!"

ಮಾವನ ಬಾಯಿ ತೆರೆದದ್ದು ತೆರೆದೇ ಇತ್ತು. "ಮತ್ತೆ ನಂಗೆ ದಿನಾ ಅಮಲು ಏರ್ತಿತ್ತಲ್ಲೇ?"

"ಬಿಸಿಲಲ್ಲಿ ತಲೆಕೆಳಗಾಗಿ ಬಗ್ಗಿದ್ರೆ ಯಾರಿಗಾದ್ರೂ ಏರತ್ತೆ ಕಣೋ ಪೆದ್ದಾ!"

ಕಾಸ್ಮಸ್ ನಿಘಂಟನ್ನು ಮುಚ್ಚಿದ. ಅವನಿಗೇ ನಗು ತಡೆಯಲಾಗಲಿಲ್ಲ. "ನೀರೇ ಅಂತೀಯಾ? ಹಾಗಾದ್ರೆ ಪದ ನಿಲ್ತು," ಎಂದು ಮಣೆಯ ಮೇಲಿಂದ ಕೈ ತೆಗೆದ. ಡೋಲು ನಮ್ಮವರ ಕೈಗೆ ಬಂತು. ನಾನು ಕುಣಿದೆ, ಕಣ್ಣೀರು ಸುರಿಸಿದೆ, ಬೆಕ್ಕು ಫಕೀರನನ್ನು ಎತ್ತಿ ಮುದ್ದಿಸಿದೆ, ಪರಚಿಸಿಕೊಂಡೆ.

ಅಕ್ಷರಗಳನ್ನು ಬಳಿದು ತೆಗೆದು ಮಣೆಯನ್ನು ಟಾಂಟಿಯ ತೊಡೆಯ ಮೇಲಿಟ್ಟೆವು. ಅವಳು ಅಂಚಿನ ಉದ್ದಕ್ಕೂ ಬೆರಳಾಡಿಸುತ್ತ ಹೋಗಿ, ಒಂದು ಮೂಲೆಯಲ್ಲಿ ಸೊಟ್ಟಗೆ ಕೊಯ್ದ ಜಾಗ ಸಿಕ್ಕಾಗ ನಿಂತಳು.

"ಇಲ್ಲೇ ನೋಡು ಸಿಪ್ರಿಯನ್, ಗರಗಸ ತಪ್ಪಿದ್ದು ನಿನ್ನ ತುದೀಲೇ," ಎಂದು ಬೈದಳು. ಬೈಯುತ್ತಲೇ ಅವನ ಕೈಯನ್ನು ಎಳೆದು ಅದೇ ಜಾಗದ ಮೇಲಿಟ್ಟುಕೊಂಡಳು. ಮನೆಗೆ ಹೊರಡುವವರೆಗೂ ಬಿಡಲಿಲ್ಲ.