ಉಪ್ಪು ನೋಡುವವಳು

ಅಯ್ಯಯ್ಯ, ಆ ದಿನ ನಾನು ಬಾಯಿ ತೆಗೆದದ್ದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಕಿತ್ತೂರಿನ ಮಹಿಳಾ ಮಂಡಳದ ಸಭೆ. ಮೈಕಿನ ಮುಂದೆ ನನ್ನ ಅತ್ತೆ ಗುರವ್ವ, ಅಡುಗೆ ಕೋಣೆಯ ಬಾಗಿಲಲ್ಲಿ ಮುಂಗೈತನಕ ಹಿಟ್ಟು ಮೆತ್ತಿಕೊಂಡು ನಾನು.

‘ಉಣಬ್ಯಾಡ್ರಿ! ಯಾರೂ ಉಣಬ್ಯಾಡ್ರಿ!’ ಎಂದು ಕಿರುಚಿಬಿಟ್ಟೆ.

ಹುಚ್ಚು ಹಿಡಿದಿತ್ತೇ ನನಗೆ? ಇಲ್ಲ. ಹೇಳುತ್ತೇನೆ ಕೇಳಿ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ನಮ್ಮ ಖಾನಾವಳಿ. ಮಾವ ತೀರಿಕೊಂಡ ಮೇಲೆ ಮೂರು ಕಲ್ಲಿನ ಒಲೆ ಹೂಡಿ ಅತ್ತೆ ಒಬ್ಬಳೇ ಕಟ್ಟಿದ್ದು. ಅರಳೆ ಪೇಟೆಯ ಹಮಾಲರು, ಸವದತ್ತಿ, ರಾಮದುರ್ಗದ ಬಸ್ಸಿನ ಡ್ರೈವರುಗಳು, ಎಲ್ಲರೂ ಅವಳ ಬದನೆಕಾಯಿ ಎಣ್ಣೆಗಾಯಿಗೆ ಜೀವ ಬಿಡುತ್ತಿದ್ದರು. ಕೈ ಬಂಗಾರ, ಬಾಯಿ ಬೆಂಕಿ. ಕಟಕೋಳದಿಂದ ಸೊಸೆಯಾಗಿ ಬಂದ ನನಗೆ ಬಂಗಾರಕ್ಕಿಂತ ಬೆಂಕಿಯೇ ಹೆಚ್ಚು ಸಿಕ್ಕಿತ್ತು ಅನ್ನಿ.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಅವಳಿಗೆ ವಿಷಮಜ್ವರ ಬಂತು. ಜ್ವರ ಬಿಟ್ಟಿತು, ಆದರೆ ನಾಲಿಗೆಗೆ ಉಪ್ಪಿನ ರುಚಿ ತಿರುಗಿ ಬರಲಿಲ್ಲ. ಅದು ಅವಳಿಗೇ ಗೊತ್ತಿರಲಿಲ್ಲ. ಸಪ್ಪಗಿದೆ ಅನ್ನಿಸಿದಾಗೆಲ್ಲ ಇನ್ನೊಂದು ಹಿಡಿ ಹಾಕುತ್ತಿದ್ದಳು.

ಒಮ್ಮೆ ಧೈರ್ಯ ಮಾಡಿ, ‘ಅತ್ತಿ, ಉಪ್ಪು ಹೆಚ್ಚಾಗೇತ್ರಿ’ ಅಂದೆ.

ಸೌಟು ನನ್ನ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ‘ಕಟಕೋಳದಾಗ ನಿಮ್ಮವ್ವ ಉಪ್ಪಿಲ್ಲದ ಬೆಳಸ್ಯಾಳೇನ ನಿನ್ನ? ಗುರವ್ವನ ಕೈ ಇವತ್ತಿನತನಕ ತಪ್ಪಿಲ್ಲ!’

ಸಾಕಪ್ಪಾ ಸಾಕು ಎಂದು ಸುಮ್ಮನಾದೆ. ಅವಳು ಮುಂದಿನ ಕೋಣೆಗೆ ಹೋದ ಕೂಡಲೇ ಪಲ್ಯಕ್ಕೆ ಬೇಯಿಸಿದ ಬಟಾಟೆ ಹಿಸುಕಿ ಹಾಕುತ್ತಿದ್ದೆ, ಸಾರಿಗೆ ನೀರು ಬೆರೆಸುತ್ತಿದ್ದೆ. ಕೈ ಹಾಕಲು ಸಂದು ಸಿಗದ ದಿನ ದೇವರೇ ಗತಿ. ಹಮಾಲ ಸೋಮಪ್ಪ ತಂಬಿಗೆಗಟ್ಟಲೆ ನೀರು ಕುಡಿದು, ‘ಭಾರೀ ರುಚಿ ಆಗೇತಿ ಬೇ ಯವ್ವಾ’ ಎಂದು ಹೋಗುತ್ತಿದ್ದ. ಅವಳ ಅನ್ನ ಉಂಡವರು, ಮುಖದ ಮೇಲೆ ಹೇಗೆ ಅಂದಾರು? ಆದರೆ ಒಬ್ಬೊಬ್ಬರಾಗಿ ಬರುವುದನ್ನು ಬಿಡತೊಡಗಿದ್ದರು. ಹೀಗೇ ಆದರೆ ಖಾನಾವಳಿಗೆ ಬೀಗ ಬೀಳುತ್ತದೆ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಕಿತ್ತೂರಿನಿಂದ ಕರೆ. ಒಂಟಿ ಹೆಂಗಸೊಬ್ಬಳು ಬಾಳಿನಲ್ಲಿ ಹೇಗೆ ಮುಂದೆ ಬಂದಳು ಎಂದು ಅತ್ತೆ ಭಾಷಣ ಮಾಡಬೇಕಂತೆ, ಊಟವೂ ಅವಳ ಕೈಯದೇ ಇರಬೇಕಂತೆ. ಅಲ್ಲಿ ನನ್ನನ್ನು ರೊಟ್ಟಿ ಬಡಿಯಲು ಕೂರಿಸಿ, ಎಣ್ಣೆಗಾಯಿಯ ಪಾತ್ರೆಯ ಹತ್ತಿರ ಸುಳಿಯಗೊಡಲಿಲ್ಲ. ಅವಳು ಮೈಕಿನ ಕಡೆ ಹೋದ ಮೇಲೆ ಬೆರಳು ಅದ್ದಿ ನೆಕ್ಕಿದೆ. ಶಿವಶಿವಾ! ನಾಲಿಗೆ ಸುಟ್ಟಂತಾಯಿತು.

ಆಚೆ ಅತ್ತೆ ಗುಡುಗುತ್ತಿದ್ದಳು: ‘ಮುಂದ ಬರಬೇಕಂದ್ರ ಮೈ ಮುರದು ದುಡೀಬೇಕು, ಹಟ ಬಿಡಬಾರದು. ಯಾರ ಏನರ ಅನ್ನಲಿ, ಕಿವಿಯಾಗ ಹಾಕ್ಕೋಬಾರದು!’ ಚಪ್ಪಾಳೆಯೋ ಚಪ್ಪಾಳೆ. ಬಡಿಸುವ ಹುಡುಗಿಯರು ಪಾತ್ರೆಗೆ ಕೈ ಹಚ್ಚಿದರು. ನಾನು ಕಿರುಚಿದ್ದು ಆಗ.

ಅತ್ತೆ ಇಳಿದು ಬಂದಳು.

‘ಏನಂದಿ?’

‘ಪಲ್ಯ ಬಾಯಾಗ ಇಡಾಕ ಬರೂದಿಲ್ರಿ, ಅಷ್ಟು ಉಪ್ಪಾಗೇತಿ. ಜ್ವರ ಬಂದಾಗಿಂದ ನಿಮ್ಮ ನಾಲಿಗಿ ರುಚಿ ಹಿಡೀವಲ್ದು, ಅತ್ತಿ.’

ಅವಳು ಒಂದು ಇಡೀ ಬದನೆಕಾಯಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ‘ಚಲೋ ಐತಿ’ ಅಂದಳು. ನಂತರ ಅಧ್ಯಕ್ಷೆಯ ಮುಂದೆ ತಟ್ಟೆ ಹಿಡಿದು, ‘ಬಾಯಾರ, ನೀವು ನೋಡ್ರಿ’ ಅಂದಳು.

ಅಧ್ಯಕ್ಷೆ ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು. ‘ಭಾಳ ಚಲೋ ಆಗೇತ್ರಿ ಗುರವ್ವಾ’ ಎಂದವರೇ ನೀರಿನ ಲೋಟ ಎತ್ತಿ ಗಟಗಟ ಕುಡಿದರು. ಆ ಲೋಟ ಖಾಲಿಯಾಗುವುದನ್ನು ಅತ್ತೆ ನೋಡುತ್ತಲೇ ನಿಂತಳು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು.

‘ಸೋಮಪ್ಪನೂ ಹಿಂಗ ನೀರು ಕುಡೀತಾನ’ ಎಂದಳು ಸಣ್ಣ ದನಿಯಲ್ಲಿ.

ಕೈ ಎತ್ತಿದಳು. ಕಪಾಳಕ್ಕೆ ಬಿತ್ತು ಎಂದು ಕಣ್ಣು ಮುಚ್ಚಿದೆ. ಅವಳು ನನ್ನ ರಟ್ಟೆ ಹಿಡಿದು ಮೈಕಿನ ಮುಂದಕ್ಕೆ ಎಳೆದುಕೊಂಡು ಹೋದಳು.

‘ಯಾರ ಮಾತೂ ಕಿವಿಯಾಗ ಹಾಕ್ಕೋಬಾರದು ಅಂದೆನಲ್ಲ, ಅದು ಸುಳ್ಳು. ಆ ಮಾತು ತಿರುಗಿ ತಗೋತೇನಿ. ನನ್ನ ನಾಲಿಗಿ ಕೆಟ್ಟೈತಿ, ಹೇಳಾಕಿ ಇಕಿ ಒಬ್ಬಾಕಿ. ಇಕಿಗೆ ನಾ ಸೌಟು ಒಗದಿದ್ದೆ. ಅರ್ಧಾ ತಾಸು ತಡೀರಿ ತಂಗಿಗೋಳ, ಝುಣಕ ಮಾಡಿ ಹಾಕತೇವಿ. ಉಪ್ಪು ಇಕಿ ಹಾಕತಾಳ.’

ಗುರವ್ವ ಹೀಗಂದಳೇ? ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಬೈಲಹೊಂಗಲಕ್ಕೆ ಬರುವ ಬಸ್ಸಿನಲ್ಲಿ ಕೂತಾಗಲೂ, ಮನೆಯಲ್ಲಿ ಬೆಂಕಿ ಕಾದಿದೆ ಎಂದೇ ತಿಳಿದಿದ್ದೆ.

ಮರುದಿನ ಮಧ್ಯಾಹ್ನ ಮಂದಿ ಉಣ್ಣಲು ಕೂತಿದ್ದರು. ‘ರಾಯವ್ವಾ, ಬಾ ಇಲ್ಲಿ, ಉಪ್ಪು ನೋಡು!’ ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಕೂಗಿದಳು. ನಾನು ನೆಕ್ಕಿ, ಹಳೆಯ ಹೆದರಿಕೆಗೆ, ‘ಭಾರೀ ರುಚಿ ಆಗೇತ್ರಿ’ ಅಂದೆ.

‘ನೀನೂ ನೀರು ಕುಡಿಯಾಕಿ ಆಗಬ್ಯಾಡ. ಖರೇ ಹೇಳು.’

‘ಹೆಚ್ಚಾಗೇತ್ರಿ.’

ಸೋಮಪ್ಪನ ಕೈಯ ತುತ್ತು ಅಲ್ಲೇ ನಿಂತಿತು. ಅತ್ತೆ ಒಲೆಯ ಮುಂದಿನಿಂದ ಎದ್ದು ಉಪ್ಪಿನ ಗಡಿಗೆಯನ್ನು ನನ್ನ ಕೈಗಿಟ್ಟಳು. ‘ಎಷ್ಟು ಹೆಚ್ಚಾಗೇತಿ?’ ಎಂದು ಕೇಳಿದಳು. ತಿಳಿದುಕೊಳ್ಳಲೆಂದು ಆ ಬಾಯಿಂದ ನನಗೊಂದು ಪ್ರಶ್ನೆ ಬಂದದ್ದು ಅದೇ ಮೊದಲು. ತಡೆಯಲಾಗಲಿಲ್ಲ, ಪಾತ್ರೆಯ ಮೇಲೆ ಬಗ್ಗಿದವಳು ಅಲ್ಲೇ ಅತ್ತುಬಿಟ್ಟೆ.

‘ಏ ಹುಚ್ಚಿ, ಆ ಕಡಿಗೆ ನಿಂತು ಅಳು! ಮದಲೇ ಉಪ್ಪು ಹೆಚ್ಚಾಗೇತಿ.’